ಬೈಕಿನ ಆಡಿಯೊವನ್ನು ಹೆಲ್ಮೆಟ್‌ಗೆ ತರುವ ದಾರಿಗಳು: ಒಂದು ಹೋಲಿಕೆ

ದೊಡ್ಡ ಪ್ರವಾಸಿ ಬೈಕುಗಳ ಮುಂಭಾಗದಲ್ಲಿರುವ ಸ್ಪೀಕರ್‌ಗಳು ಊರೊಳಗಿನ ಸಿಗ್ನಲ್‌ನಲ್ಲಿ ಅಕ್ಕಪಕ್ಕದವರಿಗೆಲ್ಲ ಹಾಡು ಕೇಳಿಸುವಷ್ಟು ಜೋರಾಗಿದ್ದರೂ, ತುಮಕೂರು ದಾಟಿ ಚಿತ್ರದುರ್ಗದ ಕಡೆ ಗಂಟೆಗೆ 90 ಕಿ.ಮೀ. ವೇಗ ಹಿಡಿದೊಡನೆ ಸವಾರನಿಗೇ ಏನೂ ಕೇಳಿಸುವುದಿಲ್ಲ. ಆ ವೇಗದಲ್ಲಿ ಹೆಲ್ಮೆಟ್‌ನೊಳಗಿನ ಗಾಳಿಯ ಸದ್ದೇ ಸುಮಾರು 90 ಡೆಸಿಬಲ್ ಮುಟ್ಟುತ್ತದೆ. ಆದ್ದರಿಂದ ಬೈಕಿನ ಆಡಿಯೊ ಹೆಲ್ಮೆಟ್‌ನ ಬ್ಲೂಟೂತ್ ಹೆಡ್‌ಸೆಟ್‌ಗೆ ಬರಬೇಕು. ಅದಕ್ಕಿರುವ ದಾರಿಗಳನ್ನು ಎರಡು ಬೈಕುಗಳ ಮೇಲೆ ಪರೀಕ್ಷಿಸಿ ನೋಡಿದೆ. ಒಂದು, ದೊಡ್ಡ ಪರದೆಯೂ ಬ್ಲೂಟೂತ್ ಸೌಲಭ್ಯವೂ ಇರುವ ನನ್ನ ಬೈಕು. ಇನ್ನೊಂದು, ತಂತಿಯ ಹೆಡ್‌ಸೆಟ್‌ಗೆಂದು ಐದು ಪಿನ್ನಿನ ಸಾಕೆಟ್ ಮಾತ್ರ ಇರುವ, ಗೆಳೆಯರೊಬ್ಬರ ಹಳೆಯ ಬೈಕು. ನಾನು ಬಳಸಿದ ಬೈಕು ಮತ್ತು ಹೆಡ್‌ಸೆಟ್‌ಗಳ ಕಂಪನಿಗಳನ್ನು ಇಲ್ಲಿ ಹೆಸರಿಸುತ್ತಿಲ್ಲ. ನಾನು ಕಂಡ ವ್ಯತ್ಯಾಸಗಳಲ್ಲಿ ಹೆಚ್ಚಿನವು ಜೋಡಣೆಯ ಕ್ರಮಕ್ಕೆ ಸೇರಿದವೇ ಹೊರತು ಕಂಪನಿಗೆ ಸೇರಿದವಲ್ಲ.

ತಯಾರಕರು ಸೂಚಿಸುವುದು ಬೈಕನ್ನು ನಡುವೆ ಇಟ್ಟುಕೊಳ್ಳುವ ಕ್ರಮವನ್ನು: ಫೋನ್ ಬೈಕಿಗೆ, ಬೈಕು ಹೆಲ್ಮೆಟ್‌ಗೆ. ಈ ಕ್ರಮದಲ್ಲಿ ಬೈಕು ಎರಡು ವೇಷ ಹಾಕಬೇಕಾಗುತ್ತದೆ. ಫೋನಿನ ಎದುರು ಅದು ಹೆಡ್‌ಸೆಟ್‌ನಂತೆ ನಡೆದುಕೊಳ್ಳಬೇಕು, ಹೆಡ್‌ಸೆಟ್‌ನ ಎದುರು ಫೋನಿನಂತೆ ನಡೆದುಕೊಳ್ಳಬೇಕು. ಆದ್ದರಿಂದಲೇ ಹೆಲ್ಮೆಟ್‌ನ ಹೆಡ್‌ಸೆಟ್ ಅನ್ನು ಬೈಕಿಗೆ ಜೋಡಿಸುವಾಗ ಅದನ್ನು ಇನ್ನೊಂದು ಹೆಡ್‌ಸೆಟ್‌ನೊಡನೆ ಮಾತಿಗೆ ಜೋಡಿಸುವ ‘ಇಂಟರ್‌ಕಾಮ್ ಪೇರಿಂಗ್’ ಸ್ಥಿತಿಯಲ್ಲಿ ಇಡದೆ ‘ಫೋನ್ ಪೇರಿಂಗ್’ ಸ್ಥಿತಿಯಲ್ಲಿ ಇಡಬೇಕು. ಬೈಕೂ ಒಂದು ವಾಹನವಲ್ಲವೇ, ಇಂಟರ್‌ಕಾಮ್‌ನಲ್ಲಿಯೇ ಸಿಗಬೇಕು ಎಂದುಕೊಂಡವರು ಗಂಟೆಗಟ್ಟಲೆ ಗುಂಡಿ ಒತ್ತುತ್ತ ಕುಳಿತಿರುತ್ತಾರೆ. ಐಫೋನಿನ ನಕ್ಷೆ, ಹಾಡು, ಕರೆಗಳನ್ನು ವಾಹನದ ಪರದೆಗೆ ತರುವ ಆಪಲ್ ಕಾರ್‌ಪ್ಲೇ ಪಡೆದ ಮೊದಲ ಮೋಟಾರ್‌ಸೈಕಲ್ ಹೋಂಡಾ ಗೋಲ್ಡ್ ವಿಂಗ್‌ನ 2018ರ ಮಾದರಿ. ಅದರಲ್ಲಿ ಕಾರ್‌ಪ್ಲೇ ತೆರೆಯಬೇಕಾದರೆ ಬೈಕಿಗೆ ಹೆಡ್‌ಸೆಟ್ ಜೋಡಣೆಯಾಗಿರಬೇಕು, ಏಕೆಂದರೆ ಸವಾರನ ಮಾತನ್ನು ಫೋನಿಗೆ ತಲುಪಿಸುವ ಮೈಕ್ ಇರುವುದು ಹೆಲ್ಮೆಟ್‌ನಲ್ಲಿಯೇ. ಹಾರ್ಲೆ-ಡೇವಿಡ್‌ಸನ್ 2019ರ ತನ್ನ ಪ್ರವಾಸಿ ಬೈಕುಗಳಿಗೆ ತಂದ ಬೂಮ್ ಬಾಕ್ಸ್ ಜಿಟಿಎಸ್ ಎಂಬ ಪರದೆ-ಆಡಿಯೊ ವ್ಯವಸ್ಥೆಯಲ್ಲಂತೂ ನಿಸ್ತಂತು ಹೆಡ್‌ಸೆಟ್ ಬಳಸಲು ಒಂದು ಮಾಡ್ಯೂಲನ್ನು ಬೇರೆಯಾಗಿಯೇ ಕೊಂಡು ಅಳವಡಿಸಬೇಕಾಗಿತ್ತು. ಬೈಕಿನ ಬೆಲೆ ತೆತ್ತವನಿಗೆ ಆ ಖರ್ಚು ದೊಡ್ಡದಲ್ಲದಿರಬಹುದು. ಆದರೂ ಗೊತ್ತಿದ್ದು ಕೊಳ್ಳುವುದು ಒಳ್ಳೆಯದು.

ಈ ಕ್ರಮದ ಅನುಕೂಲಗಳು ನಿಜವಾದವು. ನಕ್ಷೆ ಪರದೆಯ ಮೇಲೆ ಮೂಡುತ್ತದೆ, ಎಡಗೈ ಹೆಬ್ಬೆರಳಿಗೆ ಸಿಗುವ ಗುಂಡಿಗಳಿಂದಲೇ ಹಾಡು ಬದಲಾಗುತ್ತದೆ, ಬೈಕಿನ ರೇಡಿಯೊ ಮತ್ತು ಪೆನ್‌ಡ್ರೈವ್ ಎರಡೂ ಕಿವಿಗೆ ಬರುತ್ತವೆ. ಬೆಂಗಳೂರಿನಿಂದ ಹೊರಡುವಾಗ 102.9ರ ವಿವಿಧ ಭಾರತಿ, ಮೊಬೈಲ್ ಸಿಗ್ನಲ್ ಕೈಕೊಡುವ ಚಾರ್ಮಾಡಿ ಘಾಟಿಯಲ್ಲಿ ಪೆನ್‌ಡ್ರೈವ್‌ನ ಹಾಡು, ಹೀಗೆ ಕೇಳುತ್ತ ಸಾಗುವವರಿಗೆ ಇದು ಸಣ್ಣ ಸಂಗತಿಯಲ್ಲ. ಹಿಂಬದಿ ಸವಾರರ ಹೆಡ್‌ಸೆಟ್ ಅನ್ನೂ ಬೈಕಿಗೆ ಪ್ರತ್ಯೇಕವಾಗಿ ಜೋಡಿಸಬಹುದಾದ್ದರಿಂದ ಇಬ್ಬರಿಗೂ ಒಂದೇ ಹಾಡು, ಒಂದೇ ಮಾರ್ಗಸೂಚನೆ ಕೇಳಿಸುತ್ತದೆ.

ತೊಡಕು ಇರುವುದು ಧ್ವನಿಯ ಎರಡು ವಾಹಿನಿಗಳಲ್ಲಿ. ಬ್ಲೂಟೂತ್‌ನಲ್ಲಿ ಹಾಡು ಬರುವುದು ಎ2ಡಿಪಿ ಎಂಬ ಸ್ಟೀರಿಯೊ ವಾಹಿನಿಯಲ್ಲಿ. ಕರೆ ಮತ್ತು ಮಾತು ಬರುವುದು ಎಚ್‌ಎಫ್‌ಪಿ ಎಂಬ ಬೇರೊಂದು ವಾಹಿನಿಯಲ್ಲಿ. ಎರಡನೆಯದು ಒಂದೇ ಪಥದ ಧ್ವನಿ. ಹಳೆಯ ರೀತಿಯಲ್ಲಾದರೆ ಸೆಕೆಂಡಿಗೆ 8,000, ಸುಧಾರಿತ ರೀತಿಯಲ್ಲಾದರೆ 16,000 ಮಾದರಿಗಳಷ್ಟೇ (ಧ್ವನಿಯನ್ನು ಅಳೆದು ತೆಗೆದ ಸ್ಯಾಂಪಲ್‌ಗಳು) ಅದರಲ್ಲಿ ಸಾಗುತ್ತವೆ, ಆದರೆ ಹಾಡಿಗೆ ಸಾಮಾನ್ಯವಾಗಿ 44,100 ಮಾದರಿಗಳಿರುತ್ತವೆ. ಮಾತಿನ ವಾಹಿನಿ ತೆರೆದಾಗ ಹಾಡಿನ ವಾಹಿನಿ ಸರಿದು ನಿಲ್ಲುತ್ತದೆ. ನನ್ನ ಬೈಕಿನಲ್ಲಿ ಸವಾರ ಮತ್ತು ಹಿಂಬದಿ ಸವಾರರ ಮಾತುಕತೆಯನ್ನು ಬೈಕೇ ನಡೆಸುವಂತೆ ಇಟ್ಟರೆ, ಒಬ್ಬರು ಕೆಮ್ಮಿದರೂ ಸಾಕು, ಮಾತಿನ ವಾಹಿನಿ ತೆರೆದು, ಹಾಡು ಹಳೆಯ ಟ್ರಂಕ್ ಕಾಲ್‌ನಂತೆ ಕಿರಿದಾಗುತ್ತಿತ್ತು ಅಥವಾ ಪೂರ್ತಿ ನಿಲ್ಲುತ್ತಿತ್ತು. “ರೀ, ಹಾಡು ಯಾಕೆ ನಿಲ್ಲಿಸಿದ್ರಿ?” ಎಂದು ಹಿಂದಿನಿಂದ ಪತ್ನಿ ಕೇಳುವಳು, ಆ ಪ್ರಶ್ನೆಯೇ ಹಾಡನ್ನು ಮತ್ತೊಮ್ಮೆ ನಿಲ್ಲಿಸುವುದು. ಮಾತುಕತೆಯನ್ನು ಬೈಕಿನಿಂದ ತೆಗೆದು ಎರಡು ಹೆಡ್‌ಸೆಟ್‌ಗಳ ನಡುವಿನ ನೇರ ಇಂಟರ್‌ಕಾಮ್‌ಗೆ ಒಪ್ಪಿಸಿ, ಬೈಕಿನ ಇಂಟರ್‌ಕಾಮ್ ಆಯ್ಕೆಯನ್ನು ಮುಚ್ಚಿದ ಮೇಲೆ ಈ ಕಾಟ ಬಹುಮಟ್ಟಿಗೆ ತಪ್ಪಿತು.

ಎರಡನೆಯ ತೊಡಕು ಎಲ್ಲವನ್ನೂ ಚಾಲೂ ಮಾಡುವ ಕ್ರಮದ್ದು. ಫೋನಿನ ಹಳೆಯ ಪಟ್ಟಿಯಲ್ಲಿ ಹೆಡ್‌ಸೆಟ್‌ನ ಹೆಸರು ಉಳಿದಿದ್ದರೆ, ಹೆಡ್‌ಸೆಟ್ ಆನ್ ಆದ ಕ್ಷಣವೇ ಫೋನ್ ಅದನ್ನು ಹಿಡಿದುಕೊಳ್ಳುತ್ತದೆ, ಬೈಕು ಹೊರಗುಳಿಯುತ್ತದೆ. ಬೈಕನ್ನು ನಡುವೆ ಇಡುವವರು ಫೋನಿನಿಂದ ಹೆಡ್‌ಸೆಟ್‌ನ ಹೆಸರನ್ನು ಅಳಿಸಿಬಿಡಬೇಕು, ಮೊದಲು ಹೆಡ್‌ಸೆಟ್ ಆನ್ ಮಾಡಿ ಆಮೇಲೆ ಕೀಲಿ ತಿರುಗಿಸಬೇಕು. ಇನ್ನೊಂದು ಸೂಕ್ಷ್ಮ: ವೇಗಕ್ಕೆ ತಕ್ಕಂತೆ ಧ್ವನಿಯನ್ನು ತಾನೇ ಏರಿಸುವ ವ್ಯವಸ್ಥೆ ಬೈಕಿನಲ್ಲಿಯೂ ಇರುತ್ತದೆ, ಹೆಡ್‌ಸೆಟ್‌ನಲ್ಲಿಯೂ ಇರುತ್ತದೆ. ಎರಡೂ ಚಾಲನೆಯಲ್ಲಿದ್ದರೆ ವೇಗ ಏರಿದಂತೆ ಧ್ವನಿ ಎರಡೆರಡು ಸಲ ಏರಿ ಕಿವಿ ಬಡಿಯುತ್ತದೆ, ಟೋಲ್ ಗೇಟಿನಲ್ಲಿ ನಿಂತಾಗ ಪಿಸುಮಾತಾಗುತ್ತದೆ. ಬೈಕಿನದನ್ನು ಮುಚ್ಚಿ ಹೆಡ್‌ಸೆಟ್‌ನದನ್ನು ಉಳಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅದು ಹೆಲ್ಮೆಟ್‌ನೊಳಗಿನ ಸದ್ದನ್ನೇ ಅಳೆಯುತ್ತದೆ.

ಇದಕ್ಕೆ ಪ್ರತಿಸ್ಪರ್ಧಿಯಾದ ಕ್ರಮದಲ್ಲಿ ಫೋನ್ ನೇರವಾಗಿ ಹೆಲ್ಮೆಟ್‌ಗೆ ಸೇರುತ್ತದೆ, ಬೈಕಿಗೆ ಯಾವ ಪಾತ್ರವೂ ಇಲ್ಲ. ಧ್ವನಿಯ ಗುಣದಲ್ಲಿ ನನ್ನ ಕಿವಿಗೆ ಇದೇ ಮೇಲು. ಬೈಕು ನಡುವೆ ಇದ್ದು ಫೋನೂ ಬ್ಲೂಟೂತ್ ಮೂಲಕವೇ ಬೈಕಿಗೆ ಸೇರಿದ್ದರೆ ಹಾಡು ಎರಡು ಸಲ ಸಂಕುಚಿತಗೊಂಡು, ಎರಡು ಸಲ ಬಿಚ್ಚಿಕೊಂಡು ಬರುತ್ತದೆ; ತಾಳದ ಕಿಣಿಕಿಣಿ ಮರಳು ಉಜ್ಜಿದಂತೆ ಕೇಳುವುದು ಅದರಿಂದಲೇ. ಫೋನನ್ನು ಯುಎಸ್‌ಬಿ ತಂತಿಯಿಂದ ಬೈಕಿಗೆ ಸೇರಿಸಿದರೆ ಮೊದಲ ಹಂತದ ಬ್ಲೂಟೂತ್ ನಷ್ಟ ಇರುವುದಿಲ್ಲ, ಆಗ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ. ವಿಳಂಬವೂ ಹಾಗೆಯೇ. ಹಾಡಿಗೆ ಅರ್ಧ ಸೆಕೆಂಡ್ ತಡವಾದರೆ ಯಾರಿಗೂ ಗೊತ್ತಾಗದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ‘ಎಡಕ್ಕೆ ತಿರುಗಿ’ ಎಂಬ ಸೂಚನೆ ಅರ್ಧ ಸೆಕೆಂಡ್ ತಡವಾಗಿ ಬಂದರೆ ಬೈಕು ಅಷ್ಟರಲ್ಲಿ 11 ಮೀಟರ್ ಮುಂದೆ ಹೋಗಿರುತ್ತದೆ.

ನೇರ ಕ್ರಮದಲ್ಲಿ ಕಳೆದುಕೊಳ್ಳುವುದು ಬೈಕಿನ ರೇಡಿಯೊ, ಪೆನ್‌ಡ್ರೈವ್ ಮತ್ತು ಪರದೆಯ ನಕ್ಷೆಯನ್ನು. ನಕ್ಷೆ ನೋಡಬೇಕೆಂದು ಫೋನನ್ನೇ ಹ್ಯಾಂಡಲ್‌ಗೆ ಕಟ್ಟಿಕೊಂಡರೆ, ದೊಡ್ಡ ಪರದೆಗೆ ಕೊಟ್ಟ ಹಣ ಯಾತಕ್ಕೆ ಎಂಬ ಪ್ರಶ್ನೆ ಏಳುತ್ತದೆ. ಒಬ್ಬರೇ ಹೋಗುವ, ದಾರಿ ಗೊತ್ತಿರುವ ಸವಾರಿಗೆ ನಾನು ಇದನ್ನೇ ಬಳಸುತ್ತೇನೆ.

ಇವೆರಡನ್ನೂ ಬೆರೆಸುವ ದಾರಿಯೂ ಇದೆ. ಕೆಲವು ಹೆಡ್‌ಸೆಟ್‌ಗಳಲ್ಲಿ ಒಂದು ಸಾಧನವನ್ನು ಹಾಡಿಗೆ ಮಾತ್ರ, ಇನ್ನೊಂದನ್ನು ಕರೆಗೆ ಮಾತ್ರ ಎಂದು ಆಯ್ದು ಜೋಡಿಸಬಹುದು. ಬೈಕನ್ನು ಹಾಡಿಗೆ, ಫೋನನ್ನು ಕರೆಗೆ ಎಂದು ಹಂಚಿಕೊಟ್ಟೆ. ಕರೆಗಳು ಸೊಗಸಾಗಿ ಬಂದವು, ರೇಡಿಯೊವೂ ಬಂತು. ಆದರೆ ಮೈಕ್‌ನ ವಾಹಿನಿ ಸಿಗದ ಬೈಕು ಕಾರ್‌ಪ್ಲೇ ತೆರೆಯಲು ಒಪ್ಪಲಿಲ್ಲ. ಪರದೆಯ ನಕ್ಷೆಗಾಗಿಯೇ ಇಷ್ಟೆಲ್ಲ ಮಾಡುವವರಿಗೆ ಇದು ಉಪಯೋಗವಿಲ್ಲ.

ಅಚ್ಚರಿ ಎಂದರೆ, ಇದೇ ಹಂಚಿಕೆ ಗೆಳೆಯರ ಹಳೆಯ ಬೈಕಿನಲ್ಲಿ ಯಾವ ತಕರಾರೂ ಇಲ್ಲದೆ ನಡೆಯಿತು. ಐದು ಪಿನ್ನಿನ ಸಾಕೆಟ್‌ನಿಂದ ಸಣ್ಣ ತಂತಿಯೊಂದನ್ನು ಎಳೆದು ಬ್ಲೂಟೂತ್ ಟ್ರಾನ್ಸ್‌ಮಿಟರ್‌ಗೆ ಕೊಟ್ಟರೆ, ಅದು ಬೈಕಿನ ಹಾಡನ್ನು ಹೆಲ್ಮೆಟ್‌ಗೆ ಕಳಿಸುತ್ತದೆ. ನಾವು ಬಳಸಿದ ಟ್ರಾನ್ಸ್‌ಮಿಟರ್‌ಗೆ ಕರೆಯ ಗೊಡವೆಯೇ ಇಲ್ಲ, ಆದ್ದರಿಂದ ಫೋನಿನೊಂದಿಗೆ ಜಗಳವೂ ಇಲ್ಲ. ಕರೆ ಬಂದಾಗ ಹೆಡ್‌ಸೆಟ್ ಹಾಡನ್ನು ತಗ್ಗಿಸಿ ಫೋನಿಗೆ ಜಾಗ ಕೊಡುತ್ತದೆ, ಕರೆ ಮುಗಿದ ಮೇಲೆ ಹಾಡು ಮರಳುತ್ತದೆ. ಮಾತಿನ ಹೊಣೆ ಒಂದೇ ಸಾಧನದ ಮೇಲಿದ್ದಾಗ ವ್ಯವಸ್ಥೆ ಸ್ಥಿರವಾಗಿರುತ್ತದೆ, ಎರಡು ಸಾಧನಗಳು ಅದನ್ನು ತಮ್ಮದೆಂದಾಗ ಕೆಡುತ್ತದೆ ಎಂಬುದು ನನಗೆ ಮನವರಿಕೆಯಾದದ್ದು ಇಲ್ಲಿ. ಒಬ್ಬರೇ ಸವಾರಿ ಮಾಡುವವರ ಮಟ್ಟಿಗೆ, ನನ್ನ ಹೊಸ ಬೈಕಿನ ಒಳಗೇ ಇರುವ ಬ್ಲೂಟೂತ್‌ಗಿಂತ ಈ ಅಗ್ಗದ ಡಬ್ಬಿಯೇ ವಾಸಿ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಆದರೆ ಅದಕ್ಕೂ ಒಂದೆರಡು ಉಪಚಾರ ಬೇಕು. ಟ್ರಾನ್ಸ್‌ಮಿಟರ್‌ಗೆ ಬೈಕಿನ ಬ್ಯಾಟರಿಯಿಂದಲೇ ವಿದ್ಯುತ್ ಕೊಟ್ಟಾಗ, ಆಕ್ಸಿಲರೇಟರ್ ತಿರುವಿದಂತೆಲ್ಲ ‘ಕುಂಯ್’ ಎಂದು ಏರುತ್ತ ಹೋಗುವ ಸದ್ದು ಕಿವಿಯಲ್ಲಿ ತುಂಬಿಕೊಂಡಿತು. ವಿದ್ಯುತ್ತಿನ ತಂತಿಯೂ ಆಡಿಯೊ ತಂತಿಯೂ ಎರಡು ಬೇರೆ ಕಡೆ ಅರ್ಥ್ ಆಗಿ, ಆಲ್ಟರ್ನೇಟರ್‌ನ ಸದ್ದು ನಡುವೆ ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಆಡಿಯೊ ತಂತಿಯ ನಡುವೆ ಈ ಅರ್ಥ್ ಸಂಪರ್ಕವನ್ನು ಕಡಿಯುವ, ಬೆರಳುದ್ದದ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದೊಡನೆ ಸದ್ದು ಪೂರ್ತಿ ಹೋಯಿತು. ಡಬ್ಬಿಯನ್ನು ಸೀಟಿನ ಕೆಳಗೆ, ಲೋಹದ ಚೌಕಟ್ಟಿನ ನಡುವೆ ಇಟ್ಟಾಗ ತಲೆ ತಿರುಗಿಸಿದಾಗಲೆಲ್ಲ ಹಾಡು ತುಂಡಾಗುತ್ತಿತ್ತು; ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್‌ನ ತರಂಗಗಳನ್ನು ನೀರಿನಂಶ ಹೆಚ್ಚಿರುವ ನಮ್ಮ ದೇಹವೇ ತಡೆಯುತ್ತದೆ. ಟ್ಯಾಂಕಿನ ಮೇಲಿನ ಚೀಲದಲ್ಲಿಟ್ಟ ಮೇಲೆ ತುಂಡಾಗಲಿಲ್ಲ. ಹಿಂಬದಿ ಸವಾರರಿಗೂ ಹಾಡು ಬೇಕಿದ್ದರೆ ಎರಡು ಹೆಡ್‌ಸೆಟ್‌ಗಳಿಗೆ ಒಟ್ಟಿಗೆ ಕಳಿಸಬಲ್ಲ ಟ್ರಾನ್ಸ್‌ಮಿಟರನ್ನೇ ಕೇಳಿ ಕೊಳ್ಳಬೇಕು, ಎಲ್ಲವೂ ಹಾಗಿರುವುದಿಲ್ಲ.

ಇಬ್ಬರ ದೂರ ಪ್ರಯಾಣಕ್ಕೆ, ಗೊತ್ತಿಲ್ಲದ ದಾರಿಗೆ ನಾನು ಈಗಲೂ ಬೈಕನ್ನು ನಡುವೆ ಇಟ್ಟುಕೊಳ್ಳುತ್ತೇನೆ: ಫೋನ್ ಯುಎಸ್‌ಬಿ ತಂತಿಯಲ್ಲಿ, ಇಬ್ಬರ ಹೆಡ್‌ಸೆಟ್‌ಗಳೂ ಬೈಕಿಗೆ, ಮಾತುಕತೆ ಮಾತ್ರ ಹೆಡ್‌ಸೆಟ್‌ನಿಂದ ಹೆಡ್‌ಸೆಟ್‌ಗೆ. ಗೆಳೆಯರು ಹಳೆಯ ಬೈಕಿನ ಸುರುಳಿ ತಂತಿಯ ಹೆಡ್‌ಸೆಟ್ ಅನ್ನು ಇನ್ನೂ ಇಟ್ಟುಕೊಂಡಿದ್ದಾರೆ. ಧ್ವನಿಯ ಸ್ವಚ್ಛತೆಯಲ್ಲಿ ಮೇಲಿನ ಯಾವುದೂ ಅದಕ್ಕೆ ಸಮನಲ್ಲ, ಅದಕ್ಕೆ ಚಾರ್ಜೂ ಬೇಕಿಲ್ಲ. ಪೆಟ್ರೋಲ್ ಬಂಕಿನಲ್ಲಿ ತಂತಿ ಕಳಚದೆ ಇಳಿಯಹೋದರೆ ಮಾತ್ರ ಅದು ಕತ್ತನ್ನು ಹಿಂದಕ್ಕೆ ಜಗ್ಗುತ್ತದೆ.