ಹೊಸ ಸ್ಯಾಕ್ಸೊಫೋನ್ ದನಿಗಳಿಗೊಂದು ರೇಡಿಯೊ
ರಾಯಚೂರಿನ ಬೇಸಿಗೆಯ ರಾತ್ರಿಗಳಲ್ಲಿ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಿ ನಾನು ಕೇಳುತ್ತಿರುವ ಈ ಅಂತರ್ಜಾಲ ರೇಡಿಯೊ, ಅಮೆರಿಕದ ಜಾಝ್ ಸಂಗೀತಕ್ಕೆ ಪಾಪ್‌ನ ಇಂಪು ಬೆರೆಸಿದ ಸ್ಮೂತ್ ಜಾಝ್‌ನ ಹೊಸ ಕಲಾವಿದರಿಗಾಗಿಯೇ ದಿನಕ್ಕೊಂದು ಗಂಟೆಯನ್ನು ಮೀಸಲಿಟ್ಟಿದೆ. 1987ರಲ್ಲಿ ಲಾಸ್ ಏಂಜಲೀಸ್‌ನ ‘ದಿ ವೇವ್’ ಕೇಂದ್ರದೊಂದಿಗೆ ಅಮೆರಿಕದ ಎಫ್‌ಎಂನಲ್ಲಿ ಬೇರೂರತೊಡಗಿದ ಈ ಪ್ರಕಾರಕ್ಕೆ, 2008ರಲ್ಲಿ ನ್ಯೂಯಾರ್ಕಿನ ಡಬ್ಲ್ಯುಕ್ಯೂಸಿಡಿ ಕೇಂದ್ರವೂ ರಾಕ್ ಸಂಗೀತಕ್ಕೆ ಹೊರಳಿದಾಗ ದೊಡ್ಡ ನೆಲೆಯೊಂದು ತಪ್ಪಿತು. ಆದ್ದರಿಂದ ಈ ಪ್ರಕಾರದ ಹೆಸರಾಂತ ಸ್ಯಾಕ್ಸೊಫೋನ್ ವಾದಕ ಕೆನ್ನಿ ಜಿ ಅವರ ಹಳೆಯ ಧ್ವನಿಮುದ್ರಿಕೆಗಳನ್ನೇ ತಿರುಗಾ ಮುರುಗಾ ಹಾಕದೆ, ಹೆಸರು ಮಾಡದವರ ಹೊಸ ಕೃತಿಗಳನ್ನು ವಾರದಲ್ಲಿ ಹಲವು ಬಾರಿ ಪ್ರಸಾರ ಮಾಡುವ ಕ್ರಮ ನನಗೆ ಬಹಳ ಹಿಡಿಸಿತು. ಮಾತಿಲ್ಲದ ವಾದ್ಯಸಂಗೀತ ಒಂದೇ ಸಲಕ್ಕೆ ಕಿವಿಯಲ್ಲಿ ನಿಲ್ಲುವುದಿಲ್ಲ. (ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕೇಳಿ ಬೆಳೆದವರಿಗೆ ಗಮಕಗಳ ಕೊರತೆ ಕಾಣಬಹುದು, ಅದು ಬೇರೆ ಮಾತು.) ನುಡಿಸಿದವರ ಹೆಸರನ್ನು ಮಾತ್ರ ನಿರೂಪಕರು ಅವಸರದಲ್ಲಿ ನುಂಗಿಬಿಡುತ್ತಾರೆ, ಹೆಸರೇ ತಿಳಿಯದಿದ್ದರೆ ಅವರ ಧ್ವನಿಮುದ್ರಿಕೆಯನ್ನು ಹುಡುಕಿ ಕೊಳ್ಳುವುದಾದರೂ ಹೇಗೆ?