ಉದ್ದ ಕಡ್ಡಿ, ಐದು ಕಡ್ಡಿ, ವೈರ್ ಕಡ್ಡಿ: ಮೂರರಲ್ಲೂ ಹೆಣೆದು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ವೈರ್ ಕಡ್ಡಿಗೆ. ಎರಡು ಗಿಡ್ಡ ಕಡ್ಡಿಗಳ ನಡುವೆ ಪ್ಲಾಸ್ಟಿಕ್ ವೈರ್ ಇರುತ್ತದಲ್ಲ, ಸರ್ಕ್ಯುಲರ್ ಅಂತಾರೆ, ಅದೇ. ಕಳೆದ ಚಳಿಗಾಲದಲ್ಲಿ ದೆಹಲಿಯ ಭಾವನಿಗೆ ಟೋಪಿ, ಮೂಡಿಗೆರೆಯಲ್ಲಿರುವ ಅಪ್ಪನಿಗೆ ಕಾಲುಚೀಲ, ದೊಡ್ಡಮ್ಮನಿಗೆ ಶಾಲು ಹೆಣೆದೆ. ಆ ನೆಪದಲ್ಲಿ ಮೂರೂ ಥರದ ಕಡ್ಡಿ ಕೈಗೆ ಬಂದವು. ಉಣ್ಣೆ ಬಗ್ಗೆ ಇಲ್ಲಿ ಬರೆಯುತ್ತಿಲ್ಲ. ಅದು ಬೇರೆಯೇ ಜಗಳ.

ಶುರು ಮಾಡಿದ್ದು ಅಮ್ಮನ ಉದ್ದ ಕಡ್ಡಿಗಳಿಂದ. ಬಿಸ್ಕತ್ ಡಬ್ಬಿಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟಿದ್ದ ಅಲ್ಯೂಮಿನಿಯಂ ಜೋಡಿಗಳು. ತಲೆಯ ಗುಂಡಿ ಮೇಲೆ 8, 10, 12 ಅಂತ ನಂಬರ್. ಅಮ್ಮ ಕಾನ್ವೆಂಟಿನ ಕ್ರಾಫ್ಟ್ ಪೀರಿಯಡ್‌ನಲ್ಲಿ ಕಲಿತವರು. ನನ್ನ ಅಜ್ಜಿಗೆ ಹೆಣಿಗೆ ಗೊತ್ತೇ ಇರಲಿಲ್ಲ. ಅವರಿಗೆ ಉಣ್ಣೆ ಅಂದರೆ ಕಂಬಳಿ, ಅದನ್ನು ನೇಯುತ್ತಾರೆ, ಹೆಣೆಯುವುದಿಲ್ಲ. ಹಾಗಾಗಿ ನಮ್ಮ ಮನೆಯ ಹೆಣಿಗೆಯ ಪರಂಪರೆ ಅಂದರೆ ಆ ಬಿಸ್ಕತ್ ಡಬ್ಬಿ ಮಾತ್ರ.

ಭಾವನ ಟೋಪಿಗೆ ಇಂಟರ್‌ನೆಟ್ಟಲ್ಲಿ ಒಂದು ಅಮೆರಿಕನ್ ಪ್ಯಾಟರ್ನ್ ಸಿಕ್ಕಿತು. ‘ಸೈಜ್ 8 ಕಡ್ಡಿ, 96 ಕುಣಿಕೆ’ ಅಂತಿತ್ತು. ಡಬ್ಬಿಯಲ್ಲಿ 8 ಇದೆಯಲ್ಲ, ಖುಷಿಯಾಯಿತು. ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ಹನ್ನೆರಡು ಸಂಜೆ ಕೂತು ಚಪ್ಪಟೆಯಾಗಿ ಹೆಣೆದೆ, ಬೆನ್ನಿಗೆ ಹೊಲಿಗೆ ಹಾಕಿದೆ, ಪಾರ್ಸೆಲ್ ಮಾಡಿದೆ.

ವಿಡಿಯೊ ಕಾಲ್ ಬಂತು. ಭಾವ ಟೋಪಿಯನ್ನು ಎರಡೂ ಕೈಯಿಂದ ಕೆಳಗೆಳೆಯುತ್ತಿದ್ದರು. ಕೈಬಿಟ್ಟ ಕೂಡಲೇ ಅದು ನಿಧಾನವಾಗಿ ಮೇಲಕ್ಕೆ ಹತ್ತಿ, ಬಾಟಲಿ ಮುಚ್ಚಳದ ಹಾಗೆ ನೆತ್ತಿ ಮೇಲೆ ಕೂತಿತು. ‘ತುಂಬಾ ಚೆನ್ನಾಗಿದೆ, ಬೆಚ್ಚಗಿದೆ’ ಅಂದರು ಪಾಪ. ಕಿವಿ ಎರಡೂ ಹೊರಗೆ. ಅಕ್ಕ ನಗು ತಡೆಯಲಾರದೆ ಅದನ್ನು ಕಿತ್ತು ಹದಿನಾಲ್ಕು ತಿಂಗಳ ಮಗುವಿಗೆ ಹಾಕಿದಳು. ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು! ಭಾವನ ಟೋಪಿ ಹೋಗಿ ಮಗುವಿನ ಕುಲಾವಿ ಆಯಿತು.

ತಪ್ಪು ಎಲ್ಲಾಯಿತು ಅಂತ ಹುಡುಕುವುದರಲ್ಲೇ ನನಗೆ ಎರಡು ದಿನ ಹೋಯಿತು. ಕುಣಿಕೆ ಎಣಿಸಿದ್ದು ಸರಿ, ದಾರ ಸರಿ. ‘ಕಡ್ಡಿನೂ ಸರಿ ಇದೆ, ಎಂಟೇ ಅಲ್ವಾ?’ ಅಂದರು ಅಮ್ಮ. ಎಂಟೇ. ಆದರೆ ಅಮ್ಮನ ಎಂಟು ಹಳೆಯ ಬ್ರಿಟಿಷ್ ಲೆಕ್ಕದ್ದು, ಅಂದರೆ 4 ಮಿ.ಮೀ. ದಪ್ಪ. ಅಮೆರಿಕದ ಎಂಟು 5 ಮಿ.ಮೀ. ಅದಕ್ಕಿಂತ ತಮಾಷೆ ಏನೆಂದರೆ ಎರಡೂ ಲೆಕ್ಕ ಒಂದಕ್ಕೊಂದು ಉಲ್ಟಾ ಓಡುತ್ತವೆ. ಬ್ರಿಟಿಷ್ ನಂಬರ್ ಏರಿದಷ್ಟೂ ಕಡ್ಡಿ ತೆಳ್ಳಗಾಗುತ್ತದೆ. ಅಮೆರಿಕದ್ದು ಏರಿದಷ್ಟೂ ದಪ್ಪ. ಅಮ್ಮನ 10 ಅಂದರೆ 3.25 ಮಿ.ಮೀ., ಅಮೆರಿಕದ 10 ಅಂದರೆ 6 ಮಿ.ಮೀ. ನಮ್ಮ ಅಂಗಡಿಗಳಲ್ಲಿ ಇವತ್ತಿಗೂ ಹಳೆಯ ನಂಬರೇ ಬಾಯಲ್ಲಿದೆ. ಇಂಟರ್‌ನೆಟ್ಟಿನ ಪ್ಯಾಟರ್ನ್‌ಗಳಲ್ಲಿ ಅಮೆರಿಕದ್ದೇ ಜಾಸ್ತಿ.

1 ಮಿ.ಮೀ. ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಪ್ಯಾಟರ್ನ್ ಪ್ರಕಾರ 10 ಸೆಂ.ಮೀ. ಅಗಲಕ್ಕೆ 18 ಕುಣಿಕೆ ಬರಬೇಕು. ಆಗ 96 ಕುಣಿಕೆಗೆ ಟೋಪಿಯ ಸುತ್ತಳತೆ 53 ಸೆಂ.ಮೀ. ಸ್ವಲ್ಪ ಹಿಗ್ಗಿ ದೊಡ್ಡವರ ತಲೆಗೆ ಸರಿಯಾಗಿ ಕೂರುತ್ತದೆ. ತೆಳ್ಳನೆ ಕಡ್ಡಿಯಲ್ಲಿ ನನಗೆ ಬಂದಿದ್ದು 10 ಸೆಂ.ಮೀ.ಗೆ 22. ಅಂದರೆ ಸುತ್ತಳತೆ ಬರೀ 43, 44 ಸೆಂ.ಮೀ. ಅದು ಮಗುವಿನ ತಲೆಯ ಲೆಕ್ಕ. ಮೊದಲು ಒಂದು ಚೌಕದ ತುಂಡು ಹೆಣೆದು ಟೇಪ್ ಹಿಡಿದು ನೋಡಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು. ಪ್ಯಾಟರ್ನ್‌ನಲ್ಲೂ ಹಾಗೆ ಮಾಡಿ ಅಂತಲೇ ಬರೆದಿದ್ದರು. ಯಾರು ಮಾಡುತ್ತಾರೆ?

ಇದು ಉದ್ದ ಕಡ್ಡಿಯ ತಪ್ಪಲ್ಲ, ನಿಜ. ಅದರ ಮೇಲೆ ನನಗಿರುವ ಸಿಟ್ಟು ಬೇರೆ. ನಾನು ಹೆಣೆಯುವುದು ಆಫೀಸ್ ಬಸ್ಸಿನಲ್ಲಿ, ಹೋಗಿ ಬರುವ ಎರಡು ಗಂಟೆ. ಪಕ್ಕದ ಸೀಟಿನವರ ಪಕ್ಕೆಗೆ ಕಡ್ಡಿಯ ಗುಂಡಿ ತಿವಿಯುತ್ತಲೇ ಇರುತ್ತದೆ. ಎರಡು ಸಲ ‘ಸಾರಿ’ ಅಂದೆ, ಮೂರನೇ ಸಲ ಅವರೇ ಸೀಟು ಬದಲಾಯಿಸಿದರು. ಟೋಪಿಯ ಹಿಂದೆ ಹೊಲಿಗೆಯ ಗೆರೆ ಬೇರೆ. ಅಮ್ಮ ಹೊಲಿದರೆ ಕಾಣುವುದೇ ಇಲ್ಲ, ನಾನು ಹೊಲಿದರೆ ಆಪರೇಷನ್ ಗಾಯದ ಹಾಗೆ ಎದ್ದು ಕಾಣುತ್ತದೆ. ಮಫ್ಲರ್‌ಗೆ ಮಾತ್ರ ಇವತ್ತಿಗೂ ಉದ್ದ ಕಡ್ಡಿಯೇ ಸಾಕು.

ಕಾಲುಚೀಲಕ್ಕೆ ಐದು ಕಡ್ಡಿಯ ಸೆಟ್ ತಂದೆ. ಎರಡೂ ತುದಿ ಚೂಪು, ಗುಂಡಿ ಇಲ್ಲ. ಅಪ್ಪನ ಪಾದಕ್ಕೆ 56 ಕುಣಿಕೆ. ನಾಲ್ಕು ಕಡ್ಡಿಗೆ ಹದಿನಾಲ್ಕರಂತೆ ಹಂಚಿ, ಐದನೆಯದರಿಂದ ಸುತ್ತ ಹೆಣೆಯುತ್ತಾ ಹೋಗಬೇಕು. ನೋಡುವವರಿಗೆ ಮುಳ್ಳುಹಂದಿ ಹಿಡಿದುಕೊಂಡ ಹಾಗಿರುತ್ತದೆ. ಕೈ ಕುದುರಿದ ಮೇಲೆ ಚೆನ್ನಾಗಿಯೇ ಸಾಗುತ್ತದೆ, ಇಲ್ಲ ಅನ್ನಲ್ಲ. ಹಿಮ್ಮಡಿ ತಿರುಗಿಸುವಾಗ ಯಾವ ಭಾಗ ಎಲ್ಲಿದೆ ಅಂತ ಕಣ್ಣಿಗೇ ಕಾಣುವುದು ಇದರಲ್ಲೇ. ಆದರೆ ಎರಡು ಕಡ್ಡಿ ಸೇರುವ ಜಾಗದಲ್ಲಿ ಕುಣಿಕೆ ಸಡಿಲವಾಗಿ ಏಣಿ ಮೆಟ್ಟಿಲಿನ ಥರ ಗೆರೆ ಬೀಳುತ್ತದೆ. ಆ ಜಾಗದ ಎರಡನೇ ಕುಣಿಕೆಯಲ್ಲಿ ದಾರ ಬಿಗಿಯಾಗಿ ಎಳೆದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗಲ್ಲ.

ನನ್ನ ಸೆಟ್ಟಿನ ಕಥೆ ಚಿಕ್ಕದು. ಒಂದು ಕಡ್ಡಿ ಬ್ರೇಕ್ ಹಾಕಿದಾಗ ಜಾರಿ ಬಸ್ಸಿನ ಮುಂದಿನ ಸೀಟಿನವರೆಗೂ ಉರುಳಿತು. ಸಿಗಲೇ ಇಲ್ಲ. ಬಿದಿರಿನ ಇನ್ನೊಂದರ ಮೇಲೆ ನಾನೇ ಸೋಫಾದಲ್ಲಿ ಕೂತೆ. ಉಳಿದ ಮೂರರಲ್ಲಿ ಎಷ್ಟು ಅಂತ ಹೆಣೆಯುವುದು?

ಆಮೇಲೆ ವೈರ್ ಕಡ್ಡಿ ಕೊಂಡೆ. ಮೊದಲು ತಂದಿದ್ದು ಅಗ್ಗದ್ದು. ವೈರು ಕಡ್ಡಿಗೆ ಸೇರುವ ಜಾಗದಲ್ಲಿ ಉಗುರಿಗೆ ತಾಕುವಷ್ಟು ಮೆಟ್ಟಿಲು ಇತ್ತು. ಪ್ರತಿ ಕುಣಿಕೆಯೂ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಬೆರಳಿನಿಂದ ತಳ್ಳಿ ತಳ್ಳಿ ತೋರುಬೆರಳ ತುದಿ ಒರಟಾಯಿತು. ಎರಡನೆಯ ಸಲ ಅಂಗಡಿಯಲ್ಲೇ ಆ ಜೋಡಣೆಯ ಮೇಲೆ ಉಗುರು ಎಳೆದು ನೋಡಿ ತಂದೆ, 80 ಸೆಂ.ಮೀ. ವೈರಿನದು. ಹೊಸದರಲ್ಲಿ ವೈರು ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿರುತ್ತದೆ. ವೈರನ್ನು ಮಾತ್ರ ಒಂದು ನಿಮಿಷ ಬಿಸಿನೀರಲ್ಲಿಟ್ಟು ನೆಟ್ಟಗೆ ಎಳೆದರೆ ದಾರಿಗೆ ಬರುತ್ತದೆ.

ಇದರಲ್ಲಿ ಟೋಪಿ, ಕಾಲುಚೀಲ ಎರಡೂ ಆಗುತ್ತವೆ. ಕುಣಿಕೆಗಳನ್ನು ಅರ್ಧರ್ಧ ಮಾಡಿ, ಉಳಿದ ವೈರನ್ನು ನಡುವೆ ಉಂಗುರದ ಹಾಗೆ ಹೊರಗೆಳೆದು ಹೆಣೆಯುವ ಉಪಾಯ ಇದೆ, ಮ್ಯಾಜಿಕ್ ಲೂಪ್ ಅಂತಾರೆ. ಏಣಿ ಗೆರೆ ಬಿದ್ದರೂ ನಾಲ್ಕು ಕಡೆ ಬದಲು ಎರಡೇ ಕಡೆ. ಹೊಲಿಗೆ ಇಲ್ಲ. ಬಸ್ಸು ಜರ್ಕ್ ಹೊಡೆದರೆ ಕಡ್ಡಿ ಕೈಜಾರಿದರೂ ವೈರಿನಲ್ಲಿ ನೇತಾಡುತ್ತದೆ, ಎಲ್ಲೂ ಹೋಗಲ್ಲ. ನನ್ನಂಥವರಿಗೆ ಇದೊಂದೇ ಸಾಕು ಕೊಳ್ಳೋಕೆ. ಒಂದು ಎಚ್ಚರ: ಮೊದಲ ಸುತ್ತು ಸೇರಿಸುವಾಗ ಸಾಲು ತಿರುಚಿಕೊಂಡಿದ್ದರೆ ಆಮೇಲೆ ಬಿಚ್ಚದೆ ಬೇರೆ ದಾರಿ ಇಲ್ಲ. ನಾನು ನಾಲ್ಕು ಸುತ್ತು ಬಿಚ್ಚಿದ್ದೇನೆ.

ನಿಜವಾಗಿ ಮನಸ್ಸು ಗೆದ್ದಿದ್ದು ದೊಡ್ಡಮ್ಮನ ಶಾಲಿನಲ್ಲಿ. ಕುತ್ತಿಗೆಯ ಮಧ್ಯದಿಂದ ಏಳು ಕುಣಿಕೆಯಲ್ಲಿ ಶುರುವಾಗುವ ತ್ರಿಕೋನ ಶಾಲು ಅದು. ಎರಡು ಸಾಲಿಗೊಮ್ಮೆ ನಾಲ್ಕು ಕುಣಿಕೆ ಏರುತ್ತವೆ. 150 ಸಾಲು ಆಗುವಷ್ಟರಲ್ಲಿ 307. ಅಷ್ಟನ್ನು ಉದ್ದ ಕಡ್ಡಿಗೆ ತುರುಕಿದರೆ ಕೊನೆಯವು ಗುಂಡಿಯಿಂದ ಹಾರಿಬೀಳುತ್ತವೆ, ಶಾಲಿನ ಭಾರವೆಲ್ಲ ಮಣಿಕಟ್ಟಿಗೆ. ವೈರ್ ಕಡ್ಡಿಯಲ್ಲಿ ಶಾಲು ಮಡಿಲಲ್ಲಿ ಮಲಗಿರುತ್ತದೆ, ಕೈ ಹಿಡಿದಿರುವುದು ಎರಡು ಗಿಡ್ಡ ತುದಿಗಳನ್ನಷ್ಟೇ. ಹೌದು, ಇದರಲ್ಲಿ ಸುತ್ತ ಮಾತ್ರ ಅಲ್ಲ, ಸಾಲು ಮುಗಿದ ಮೇಲೆ ತಿರುಗಿಸಿ ಚಪ್ಪಟೆಯಾಗಿಯೂ ಹೆಣೆಯಬಹುದು. ಇದು ಅಮ್ಮನಿಗೂ ಗೊತ್ತಿರಲಿಲ್ಲ.

ಸ್ಟೀಲೋ ಮರದ್ದೋ ಅಂತ ಕೇಳುತ್ತಾರೆ. ಸ್ಟೀಲು ವೇಗ, ಮರ ಹಿಡಿತ. ಹೊಸಬರಿಗೆ ಮರ.

ದುಡ್ಡಿನ ಲೆಕ್ಕಕ್ಕೆ ಬಂದರೆ ಉದ್ದ ಕಡ್ಡಿಯೇ ಅಗ್ಗ. ನನ್ನ ಹಾಗೆ ಡಬ್ಬಿಯಲ್ಲಿ ಸಿಕ್ಕರಂತೂ ಬಿಟ್ಟಿ. ತುದಿ ಬಿಚ್ಚಿ ಬೇರೆ ಸೈಜು ತಿರುಗಿಸಿ ಹಾಕುವ ದೊಡ್ಡ ಸೆಟ್‌ಗಳೂ ಬರುತ್ತವೆ. ನಿಟ್‌ಪ್ರೋ ನಮ್ಮ ದೇಶದ್ದೇ ಕಂಪನಿ, ಪೋನಿ ಕಡ್ಡಿಗಳು ಊಟಿ ಪಕ್ಕದ ಕೇತಿಯವು, ಹಾಗಾಗಿ ಒಳ್ಳೆಯ ಕಡ್ಡಿಗೆ ವಿದೇಶದ ಕಡೆ ನೋಡಬೇಕಿಲ್ಲ. ಆದರೆ ವರ್ಷಕ್ಕೆ ನಾಲ್ಕು ಉಡುಗೊರೆ ಹೆಣೆಯುವ ನನಗೆ ದೊಡ್ಡ ಸೆಟ್ ದಂಡ. ಈಗ ಮೂರು ವೈರ್ ಕಡ್ಡಿ ಇಟ್ಟುಕೊಂಡಿದ್ದೇನೆ: ಕಾಲುಚೀಲಕ್ಕೆ 2.75, ಶಾಲಿಗೆ 4, ಭಾವನ ಟೋಪಿಗೆ 5 ಮಿ.ಮೀ. ಹೌದು, ಅವರಿಗೆ ಇನ್ನೊಂದು ಶುರುವಾಗಿದೆ, ಈ ಸಲ ಚೌಕದ ತುಂಡು ಹೆಣೆದು ಅಳೆದ ಮೇಲೆ. ಅಂಗಡಿಗೆ ಹೋದರೆ ನೀವು ಮಿ.ಮೀ. ಲೆಕ್ಕದಲ್ಲೇ ಕೇಳಿ. ‘ಎಂಟನೇ ನಂಬರ್ ಕೊಡಿ’ ಅಂದರೆ ಅವರು ಎಂಟೇ ಕೊಡುತ್ತಾರೆ, ಅದು ಯಾವ ಊರಿನ ಎಂಟು ಅಂತ ಕೇಳಲ್ಲ.