ಗೆದ್ದ ಎರಡು, ಸೋತ ಎರಡು: ನಾಲ್ಕು ಕಿರು ಸಾಕ್ಷ್ಯಚಿತ್ರಗಳು

ಆಸ್ಕರ್‌ನಲ್ಲಿ ಕಿರು ಸಾಕ್ಷ್ಯಚಿತ್ರಕ್ಕೆ ಅಂತಲೇ ಒಂದು ಪ್ರಶಸ್ತಿ ಇದೆ. 2017ರಲ್ಲಿ ಅದನ್ನು ‘ದಿ ವೈಟ್ ಹೆಲ್ಮೆಟ್ಸ್’ ಗೆದ್ದಿತು, ‘4.1 ಮೈಲ್ಸ್’ ಸೋತಿತು. 2023ರಲ್ಲಿ ‘ದಿ ಎಲಿಫೆಂಟ್ ವಿಸ್ಪರರ್ಸ್’ ಗೆದ್ದಿತು, ‘ಹಾಲ್‌ಔಟ್’ ಸೋತಿತು. ಎರಡು ಸಲವೂ ಗೆದ್ದದ್ದು ನೆಟ್‌ಫ್ಲಿಕ್ಸ್ ಚಿತ್ರ. ಸೋತದ್ದು ಅದಕ್ಕಿಂತ ಚಿಕ್ಕದು, ಅಮೆರಿಕದ ಪತ್ರಿಕೆಯೊಂದು ಯೂಟ್ಯೂಬ್‌ಗೆ ಪುಕ್ಕಟೆ ಹಾಕಿದ್ದು. ನಾಲ್ಕನ್ನೂ ಜೋಡಿ ಜೋಡಿಯಾಗಿ ನೋಡಿದೆ. ನನ್ನ ಓಟು ಎರಡು ಸಲವೂ ಸೋತ ಚಿತ್ರಕ್ಕೇ.

ಮೊದಲು ಆನೆ. ಮೈಸೂರಿನಿಂದ ಊಟಿಗೆ ಹೋಗುವವರು ಬಂಡೀಪುರ ದಾಟಿದ ಮೇಲೆ ತೆಪ್ಪಕಾಡು ನೋಡಿರುತ್ತಾರೆ. ಮುದುಮಲೈ ಕಾಡಿನ ಆ ಆನೆ ಶಿಬಿರದಲ್ಲೇ ಕಾರ್ತಿಕಿ ಗೊನ್ಸಾಲ್ವಿಸ್ ಈ ಚಿತ್ರ ತೆಗೆದದ್ದು. ಕಾಟ್ಟುನಾಯಕ ಸಮುದಾಯದ ಬೊಮ್ಮನ್, ಬೆಳ್ಳಿ ಇಬ್ಬರೂ ತಾಯಿ ಕಳೆದುಕೊಂಡ ಮರಿ ರಘುವನ್ನು ಸಾಕುತ್ತಾರೆ. ನಮ್ಮ ಕಡೆ ಜೇನು ಕುರುಬರ ಮಾವುತ, ಕಾವಾಡಿಗಳನ್ನು ಕಂಡವರಿಗೆ ಈ ಬದುಕು ಹೊಸದೇನಲ್ಲ. ಆದರೂ ಬೆಳ್ಳಿ ಮರಿಯ ಜೊತೆ ಮಾತಾಡುವ ರೀತಿ ನೋಡಿದರೆ ಕರಗದವರಿಲ್ಲ. ಚಿತ್ರ ತಮಿಳಿನಲ್ಲಿದೆ, ನಮಗೆ ಅರ್ಧಕ್ಕರ್ಧ ಹಾಗೇ ತಿಳಿಯುತ್ತದೆ.

ನನಗೆ ಕಿರಿಕಿರಿಯಾದದ್ದು ಅದರ ಅಂದ. ಪ್ರತಿ ಬೆಳಗೂ ಬಂಗಾರದ ಬಣ್ಣ. ಪ್ರತಿ ಭಾವಕ್ಕೂ ಹಿಂದಿನಿಂದ ಪಿಟೀಲು. ರಘು ಬೆಳೆದ ಮೇಲೆ ಅರಣ್ಯ ಇಲಾಖೆಯವರು ಅವನನ್ನು ಬೇರೆಯವರ ಕೈಗೆ ಕೊಡುತ್ತಾರೆ. ಮನೆ ಮಗನಂತೆ ಸಾಕಿದವರಿಗೆ ಅವನ ಮೇಲೆ ಯಾವ ಹಕ್ಕೂ ಇಲ್ಲ. ಎಷ್ಟು ದೊಡ್ಡ ಪ್ರಶ್ನೆ ಅಲ್ವಾ? ಕಾಡಿನವರಿಗೆ ಕಾಡಿನ ಮೇಲೆ ಹಕ್ಕು ಕೊಡುವ ಕಾನೂನು 2006ರಲ್ಲೇ ಬಂದಿದೆ. ಚಿತ್ರ ಆ ಬಾಗಿಲ ತನಕ ಹೋಗಿ, ಕಣ್ಣೊರೆಸಿಕೊಂಡು, ವಾಪಸ್ ಬಂದುಬಿಡುತ್ತದೆ.

‘ಹಾಲ್‌ಔಟ್’ 25 ನಿಮಿಷ. ಜಾಗ ರಷ್ಯಾದ ಚುಕೋಟ್ಕಾ, ಉತ್ತರ ಧ್ರುವ ಪ್ರದೇಶದ ಕಡಲತೀರ. ತೆಗೆದವರು ಅಕ್ಕ ತಮ್ಮ: ಯೆವ್ಗೇನಿಯಾ ಅರ್ಬುಗಾಯೆವಾ, ಮ್ಯಾಕ್ಸಿಮ್ ಅರ್ಬುಗಾಯೆವ್. ಮ್ಯಾಕ್ಸಿಮ್ ಚಾಕಿಲೆವ್ ಎಂಬ ವಿಜ್ಞಾನಿ ಹಳೇ ಮರದ ಗುಡಿಸಲಲ್ಲಿ ಒಬ್ಬನೇ ಇದ್ದಾನೆ. ತಿನ್ನುತ್ತಾನೆ, ಸಿಗರೇಟು ಸೇದುತ್ತಾನೆ, ಕಡಲು ನೋಡುತ್ತಾನೆ. ಏನು ನಡೀತಿದೆ ಅಂತ ಯಾರೂ ಹೇಳುವುದಿಲ್ಲ. ಈ ಭಾಗದಲ್ಲಿ ಫೋನ್ ಕೈಗೆತ್ತಿಕೊಳ್ಳಬೇಡಿ. ಒಂದು ಬೆಳಿಗ್ಗೆ ಅವನು ಬಾಗಿಲು ತೆರೆದರೆ ಗುಡಿಸಲಿನ ಸುತ್ತ ಕಾಲಿಡಲು ಜಾಗ ಇಲ್ಲ. ಬರೀ ವಾಲ್ರಸ್‌ಗಳು, ಅಂದರೆ ಉದ್ದ ಕೋರೆಹಲ್ಲಿನ ದೊಡ್ಡ ಕಡಲ ಪ್ರಾಣಿಗಳು, ಕಣ್ಣು ಹಾಯುವಷ್ಟು ದೂರ.

ಮೊದಲಾದರೆ ಅವು ಕಡಲಲ್ಲಿ ತೇಲುವ ಹಿಮಗಡ್ಡೆಗಳ ಮೇಲೆ ದಣಿವಾರಿಸಿಕೊಳ್ಳುತ್ತಿದ್ದವು. ಕಡಲು ಬಿಸಿಯಾಗಿ ಹಿಮ ಕರಗಿತು. ಈಗ ಒಂದೇ ತೀರಕ್ಕೆ ಬಂದು ಬೀಳುತ್ತವೆ. ಹೆದರಿ ಒಮ್ಮೆಲೇ ನುಗ್ಗಿದರೆ ಮರಿಗಳು ಕಾಲಡಿ ಸಿಕ್ಕಿ ಸಾಯುತ್ತವೆ. ಅವು ಹೊರಟುಹೋದ ಮೇಲೆ ಅವನು ತೀರದುದ್ದಕ್ಕೂ ನಡೆಯುತ್ತಾ, ಸತ್ತವನ್ನು ಎಣಿಸುತ್ತಾ, ರೆಕಾರ್ಡರ್‌ಗೆ ಹೇಳಿಕೊಳ್ಳುತ್ತಾನೆ. ಹವಾಮಾನದ ಬಗ್ಗೆ ಒಂದು ಭಾಷಣವೂ ಇಲ್ಲ. ಮಾತು ಕಡಿಮೆ ಇರುವುದರಿಂದ ಇನ್ನೊಂದು ಲಾಭ ಇದೆ. ಇಂಗ್ಲಿಷ್ ಸಬ್‌ಟೈಟಲ್ ಓದಲು ಬಾರದ ಅಮ್ಮನಿಗೆ ತೋರಿಸಿದೆ, ಏನೂ ವಿವರಿಸಬೇಕಾಗಲಿಲ್ಲ. ಆದರೆ ಮತ್ತೆ ನೋಡಬೇಕು ಅಂತ ಅಮ್ಮ ಕೇಳಿದ್ದು ಆನೆಯದನ್ನೇ, ಅದನ್ನೂ ಹೇಳಿಬಿಡಬೇಕು.

ಮನುಷ್ಯರ ಜೋಡಿಗೆ ಬಂದರೆ, ‘4.1 ಮೈಲ್ಸ್’ ಅಂದರೆ ಟರ್ಕಿ ತೀರಕ್ಕೂ ಗ್ರೀಸ್‌ನ ಲೆಸ್ಬೋಸ್ ದ್ವೀಪಕ್ಕೂ ನಡುವಿನ ನೀರು. ನಮ್ಮ ಲೆಕ್ಕದಲ್ಲಿ ಆರೂವರೆ ಕಿಲೋಮೀಟರ್ ಚಿಲ್ಲರೆ. 2015ರಲ್ಲಿ ಯುದ್ಧ ಬಿಟ್ಟು ಓಡಿದ ಲಕ್ಷಾಂತರ ಜನ ರಬ್ಬರ್ ದೋಣಿಗಳಲ್ಲಿ ಇದನ್ನು ದಾಟಿದರು. ದಾಫ್ನೆ ಮಾತ್ಸಿಯಾರಾಕಿ ಕ್ಯಾಮೆರಾ ಹಿಡಿದು ಕರಾವಳಿ ಕಾವಲು ಪಡೆಯ ಕ್ಯಾಪ್ಟನ್ ಕಿರಿಯಾಕೋಸ್ ಪಾಪಾಡೊಪೌಲೋಸ್ ಅವರ ದೋಣಿ ಹತ್ತುತ್ತಾರೆ. ಒಂದೇ ದಿನದ ಕೆಲಸ. ಒದ್ದೆ ಮಕ್ಕಳನ್ನು ಒಂದೊಂದಾಗಿ ಕೈಯಿಂದ ಕೈಗೆ ದಾಟಿಸುತ್ತಾರೆ. ಉಸಿರಿಲ್ಲದ ಮಗುವಿನ ಎದೆ ಒತ್ತುತ್ತಾರೆ. ಅದು ಮುಗಿಯುವ ಮೊದಲೇ ಮತ್ತೊಂದು ಕರೆ. ಇವರೇನೂ ಇಂಥ ಕೆಲಸಕ್ಕೆ ತಯಾರಾಗಿದ್ದವರಲ್ಲ. ದ್ವೀಪವೊಂದರ ಸಣ್ಣ ನೌಕರಿ, ಅದರ ಮೇಲೆ ಈ ಹೊರೆ ಬಂದು ಬಿದ್ದಿದೆ. ಕ್ಯಾಪ್ಟನ್ 2018ರಲ್ಲಿ ತೀರಿಕೊಂಡರು.

‘ದಿ ವೈಟ್ ಹೆಲ್ಮೆಟ್ಸ್’ ಕೆಟ್ಟ ಚಿತ್ರ ಅಲ್ಲವೇ ಅಲ್ಲ. ಸಿರಿಯಾದ ಅಲೆಪ್ಪೊದಲ್ಲಿ ಬಾಂಬ್ ಬಿದ್ದ ಕಡೆಗೆ ಓಡುವ ಸ್ವಯಂಸೇವಕರ ಕಥೆ. ಟರ್ಕಿಯಲ್ಲಿ ತರಬೇತಿಗೆ ಬಂದವರು ಊರಿನ ಸುದ್ದಿಗಾಗಿ ಫೋನ್ ಹಿಡಿದು ಕೂರುವ ದೃಶ್ಯ ಸುಲಭಕ್ಕೆ ಮರೆಯುವಂಥದ್ದಲ್ಲ. ಆದರೆ ಜಾಸ್ತಿ ಹೊತ್ತು ಅವರು ಕ್ಯಾಮೆರಾ ಮುಂದೆ ಕೂತು ತಮ್ಮ ಕೆಲಸದ ಬಗ್ಗೆ ಹೇಳುತ್ತಾರೆ. ‘4.1 ಮೈಲ್ಸ್’ನ ಕ್ಯಾಪ್ಟನ್‌ಗೆ ಕೂರುವ ಪುರುಸೊತ್ತೇ ಇಲ್ಲ. ನನ್ನ ಲೆಕ್ಕದಲ್ಲಿ ಅಷ್ಟೇ ವ್ಯತ್ಯಾಸ, ಅದು ಸಣ್ಣದಲ್ಲ.

ನೋಡುವವರಿಗೆ ನನ್ನ ಸಲಹೆ: ಮನೆಮಂದಿ ಎಲ್ಲ ಒಟ್ಟಿಗೆ ಕೂತರೆ ಆನೆಯ ಚಿತ್ರ ಹಾಕಿ. ಒಬ್ಬರೇ ಇದ್ದರೆ ‘ಹಾಲ್‌ಔಟ್’, ಆದಷ್ಟು ದೊಡ್ಡ ಪರದೆಯಲ್ಲಿ, ಟ್ರೇಲರ್ ನೋಡದೆ. ‘4.1 ಮೈಲ್ಸ್’ ಚಿಕ್ಕ ಮಕ್ಕಳು ಎದುರಿಗಿದ್ದಾಗ ಬೇಡ. ಮಲಗುವ ಮುಂಚೆಯಂತೂ ಬೇಡವೇ ಬೇಡ. ನೆಟ್‌ಫ್ಲಿಕ್ಸ್ ಇದ್ದರೆ, ಇನ್ನೂ ಸಮಯ ಉಳಿದರೆ, ‘ದಿ ವೈಟ್ ಹೆಲ್ಮೆಟ್ಸ್’.